ವಯಸ್ಸಾದ ನಾಯಿಯ ಮೈಮೇಲೆ ಗಂಟುಗಳು: ತೆಗೆಸಬೇಕೋ, ಹಾಗೇ ಬಿಡಬೇಕೋ?

ನಾಪೋಕ್ಲು_ತೋಟ · ಮೇ 9

ಎಲ್ಲರಿಗೂ ನಮಸ್ಕಾರ. ನಮ್ಮ ಕರಿಯನ ವಿಷಯ ಕೇಳಬೇಕಿತ್ತು. ಅವನಿಗೆ 11 ವರ್ಷ ಆಯಿತು. ಅಪ್ಪ ಲ್ಯಾಬ್ರಡಾರ್, ತಾಯಿ ನಮ್ಮ ಲೈನ್‌ಮನೆ (ತೋಟದ ಕೆಲಸದವರ ಸಾಲುಮನೆ) ಹತ್ತಿರ ಇದ್ದ ನಾಟಿ ನಾಯಿ. ತೂಕ 36 ಕೆಜಿ, ಜಾಸ್ತಿಯೇ. ಹುಟ್ಟಿದಾಗಿನಿಂದ ತೋಟದಲ್ಲೇ ಓಡಾಡಿಕೊಂಡು ಇದ್ದವನು. ಈಗ ಬೆಳಿಗ್ಗೆ ನನ್ನ ಜೊತೆ ಒಂದು ಸುತ್ತು ಬರುತ್ತಾನೆ, ಆಮೇಲೆ ಕಣದ ಬದಿಯಲ್ಲಿ ಮಲಗಿಬಿಡುತ್ತಾನೆ.

ಎರಡು ವರ್ಷದಿಂದ ಮೈಮೇಲೆ ಒಂದೊಂದೇ ಗಂಟು ಏಳುತ್ತಿದೆ. ಬಲಗಡೆ ಪಕ್ಕೆಲುಬಿನ ಮೇಲೆ ಒಂದು ದೊಡ್ಡದು, ಚಿಕ್ಕ ಕಿತ್ತಳೆ ಹಣ್ಣಿನಷ್ಟಿದೆ, ಮೆತ್ತಗಿದೆ, ಹಿಡಿದರೆ ಚರ್ಮದ ಕೆಳಗೆ ಆಚೆ ಈಚೆ ಜಾರುತ್ತದೆ. ತಲೆ ಮತ್ತು ಬೆನ್ನಿನ ಮೇಲೆ ಹೂಕೋಸಿನ ತರಹ ಮೂರು ನರುಲಿ. ಕತ್ತಿನಲ್ಲಿ, ಸರಿಯಾಗಿ ಬೆಲ್ಟ್ ಕೂರುವ ಜಾಗದಲ್ಲಿ ಇನ್ನೊಂದು ನರುಲಿ, ಅದು ಉಜ್ಜಿ ಉಜ್ಜಿ ಆಗಾಗ ರಕ್ತ ಬರುತ್ತದೆ. ಮುಂಗಾಲಿನ ಸಂದಿಯಲ್ಲಿ ಜೋತಾಡುವ ಒಂದು ತುಂಡು ಚರ್ಮ, ಮೊದಲ ಸಲ ನೋಡಿದಾಗ ಉಣ್ಣೆ ಅಂದುಕೊಂಡು ಎಳೆದೇಬಿಟ್ಟೆ, ಪಾಪ ಕಿರುಚಿಕೊಂಡ. ಎಡಗಣ್ಣಿನ ರೆಪ್ಪೆಯ ಅಂಚಿನಲ್ಲೂ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಗುಳ್ಳೆ ಇದೆ, ಅದು ಅಷ್ಟೇನೂ ಇಲ್ಲ. ಆ ಕಣ್ಣಲ್ಲಿ ಸ್ವಲ್ಪ ನೀರು ಸುರಿಯುತ್ತದೆ, ವಯಸ್ಸಿಗೆ ಅಂತ ಸುಮ್ಮನಿದ್ದೇನೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಬೆಂಗಳೂರಿನಲ್ಲಿರುವ ಮಗ ಎಲ್ಲವನ್ನೂ ಒಂದೇ ಸಲ ಆಪರೇಷನ್ ಮಾಡಿಸಿ ಅನ್ನುತ್ತಾನೆ. ಅಮ್ಮ ಈ ವಯಸ್ಸಲ್ಲಿ ಅದರ ಮೈ ಕೊಯ್ಯಬೇಡಿ ಅನ್ನುತ್ತಾರೆ. ಹಂದಿ ಕೊಬ್ಬು ಹಾಕಿ ಹಾಕಿ ಹೀಗಾಯಿತು ಅಂತ ನನ್ನ ಹೆಂಡತಿಯ ವಾದ. ತೋಟದ ಕೆಲಸದವರು ನರುಲಿಗೆ ದಾರ ಬಿಗಿದು ಕಟ್ಟಿ, ತಾನೇ ಒಣಗಿ ಬೀಳುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಮೈಲುತುತ್ತು ಹಚ್ಚಿ ಅಂದರು.

ಜೂನ್ ಮೊದಲ ವಾರ ಮಳೆ ಹಿಡಿದರೆ ಆಮೇಲೆ ನಮ್ಮ ಕೊಡಗಿನ ಕಡೆ ಏನೂ ಆಗುವುದಿಲ್ಲ, ನಿಮಗೆ ಗೊತ್ತೇ ಇದೆ. ಅದಕ್ಕೆ ಮುಂಚೆ ಏನು ಮಾಡಬೇಕು ಅಂತ ತಿಳಿದವರು ಹೇಳಿ. ಅವನು ಚೆನ್ನಾಗಿ ತಿನ್ನುತ್ತಾನೆ, ಬಾಲ ಅಲ್ಲಾಡಿಸುತ್ತಾನೆ, ನೋವು ಇರುವ ಹಾಗೆ ಕಾಣುವುದಿಲ್ಲ.

---

ಮೂರುನಾಯಿಮನೆ, ಗೋಣಿಕೊಪ್ಪ · ಮೇ 9

ಅಣ್ಣಾ, ದಯವಿಟ್ಟು ದಾರ ಮಾತ್ರ ಕಟ್ಟಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ನಾನು ಕಟ್ಟಿದ್ದೆ. ನಮ್ಮ ಹಳೆಯ ನಾಯಿ ಜಿಮ್ಮಿಗೆ ತೊಡೆಯ ಹಿಂದೆ ಒಂದು ನರುಲಿ ಇತ್ತು. ಕಕ್ಕಡ ತಿಂಗಳು, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಗಾಲ, ಹೊರಗೆ ದಿನಕ್ಕೆ 4 ಇಂಚು 5 ಇಂಚು ಮಳೆ. ಯಾರೋ ಹೇಳಿದರು ಅಂತ ಹೊಲಿಗೆ ದಾರ ಬಿಗಿದೆ. ಎರಡು ದಿನ ನರುಲಿ ಕಪ್ಪಾಯಿತು, ಸರಿ ಹೋಗುತ್ತಿದೆ ಅಂದುಕೊಂಡೆ. ಅದು ಬಿದ್ದೂ ಬಿತ್ತು. ಆದರೆ ಬುಡದಲ್ಲಿ ಹಸಿ ಗಾಯ ಉಳಿಯಿತು, ಜಿಮ್ಮಿ ಅದನ್ನು ನೆಕ್ಕುತ್ತಲೇ ಇದ್ದಳು, ಉದ್ದ ಕೂದಲು, ಒಳಗೆ ಏನಾಗುತ್ತಿದೆ ಅಂತ ನನಗೆ ಕಾಣಲಿಲ್ಲ. ನಾಲ್ಕನೇ ದಿನ ಹತ್ತಿರ ಬಂದಾಗ ಕೆಟ್ಟ ವಾಸನೆ. ಕೂದಲು ಸರಿಸಿ ನೋಡಿದರೆ ಹುಳ. ಬೆರಳು ಹೋಗುವಷ್ಟು ಆಳಕ್ಕೆ ಕೊರೆದಿದ್ದವು. ಮರ ಬಿದ್ದು ರಸ್ತೆ ಬಂದ್ ಆಗಿತ್ತು, ಜೀಪಿನಲ್ಲಿ ಸುತ್ತು ಬಳಸಿಕೊಂಡು ಪಶು ಆಸ್ಪತ್ರೆಗೆ ಹೋಗಲು ಅರ್ಧ ದಿನ ಬೇಕಾಯಿತು. ಡಾಕ್ಟ್ರು ಒಂದೊಂದೇ ಹುಳವನ್ನು ಚಿಮಟದಲ್ಲಿ ತೆಗೆದರು. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ದಿನವೂ ಅವಳು ನನ್ನ ಕೈ ನೆಕ್ಕುತ್ತಲೇ ಇದ್ದಳು, ನಾನೇ ಮಾಡಿದ್ದು ಅಂತ ಅವಳಿಗೆ ಗೊತ್ತಿರಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಕಿವುಚುತ್ತದೆ.

ನಮ್ಮ ಮಳೆಯಲ್ಲಿ ಯಾವ ಗಾಯವೂ ಸಣ್ಣದಲ್ಲ. ಮಾಡಿಸುವುದಿದ್ದರೆ ಮಳೆಗೆ ಮೊದಲೇ ಮಾಡಿಸಿ, ಇಲ್ಲವಾದರೆ ಮುಟ್ಟಬೇಡಿ. ಮೈಲುತುತ್ತು ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಮಾಡುವುದಕ್ಕೆ ಇರಲಿ.

---

ಕಿತ್ತಳೆಬೈಲು, ಸಿದ್ದಾಪುರ · ಮೇ 9

ನಾನು ನಿಮ್ಮ ಅಮ್ಮನ ಪಕ್ಷ. ಹೋದ ವರ್ಷ ನಮ್ಮ 13 ವರ್ಷದ ಡಾಬರ್‌ಮನ್‌ಗೆ ಎದೆಯ ಮೇಲಿನ ಒಂದು ಕೊಬ್ಬಿನ ಗಂಟನ್ನು ತೆಗೆಸಲು ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆ ಇಲ್ಲ, ಏನಿಲ್ಲ, ಅದೇ ದಿನ ಮಲಗಿಸಿ ಕೊಯ್ದರು. ಪ್ರಜ್ಞೆ ಬರಲೇ ಇಲ್ಲ. ಗಂಟು ಅವನಿಗೆ ಏನೂ ಮಾಡುತ್ತಿರಲಿಲ್ಲ. ನೋಡಲು ಚೆನ್ನಾಗಿಲ್ಲ ಅಂತ ನಮಗೆ ಅನ್ನಿಸಿತು, ಅಷ್ಟಕ್ಕೆ ನಾಯಿಯನ್ನು ಕಳೆದುಕೊಂಡೆವು.

ತಿನ್ನುತ್ತಾನೆ, ನಡೆಯುತ್ತಾನೆ ಅಂದರೆ ಬಿಟ್ಟುಬಿಡಿ. ಮುದುಕರಿಗೆ ಮೈಮೇಲೆ ಮಚ್ಚೆ, ನರುಲಿ ಬರುವುದಿಲ್ಲವೇ, ಹಾಗೆಯೇ ಇದು.

---

ಹಳೇವೆಟ್, ಸೋಮವಾರಪೇಟೆ · ಮೇ 10

ನಾನು ಪಶುಪಾಲನಾ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ದನ, ಎಮ್ಮೆ, ಹಂದಿಗಳ ಜೊತೆಗೆ ತೋಟದ ನಾಯಿಗಳನ್ನೂ ತುಂಬಾ ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸಿದ್ದಾಪುರದವರಿಗೆ ಮೊದಲು. ನಿಮಗಾದ ನಷ್ಟಕ್ಕೆ ನನಗೆ ನಿಜವಾಗಿಯೂ ಬೇಸರವಾಯಿತು. ಆದರೆ ಅಲ್ಲಿ ಎರಡು ತಪ್ಪು ಒಟ್ಟಿಗೆ ಆಗಿವೆ. ತೆಗೆಯುವ ಅಗತ್ಯವಿಲ್ಲದ ಗಂಟನ್ನು ತೆಗೆದರು. ಪರೀಕ್ಷೆ ಇಲ್ಲದೆ ಅರಿವಳಿಕೆ ಕೊಟ್ಟರು. ಹಾಗಂತ ವಯಸ್ಸಾದ ನಾಯಿಯ ಗಂಟನ್ನು ನೋಡಿಸಲೇಬಾರದು ಅಂತ ಆಗುವುದಿಲ್ಲ. ನೋಡಿಸುವುದು ಬೇರೆ, ಕೊಯ್ಯಿಸುವುದು ಬೇರೆ. ನಮ್ಮ ಜನ ಇವೆರಡನ್ನೂ ಒಂದೇ ಅಂದುಕೊಂಡು, ಕೊಯ್ಯುತ್ತಾರೆ ಅನ್ನುವ ಹೆದರಿಕೆಗೆ ತೋರಿಸಲೂ ಬರುವುದಿಲ್ಲ.

ಈಗ ಕರಿಯನ ವಿಷಯ. ಪಕ್ಕೆಲುಬಿನ ಮೇಲಿನದು ನೀವು ಹೇಳಿದ ಪ್ರಕಾರ ಲಿಪೋಮಾ, ಅಂದರೆ ಕೊಬ್ಬಿನ ಗಂಟು ಇರಬಹುದು. ಮಧ್ಯ ವಯಸ್ಸು ದಾಟಿದ, ತೂಕ ಜಾಸ್ತಿ ಇರುವ ನಾಯಿಗಳಲ್ಲಿ, ಅದರಲ್ಲೂ ಲ್ಯಾಬ್ರಡಾರ್ ರಕ್ತ ಇರುವವುಗಳಲ್ಲಿ ತುಂಬಾ ಸಾಮಾನ್ಯ. ಹಂದಿ ಕೊಬ್ಬು ತಿಂದದ್ದಕ್ಕೇ ಅದು ಹುಟ್ಟಿತು ಅನ್ನಲಾಗದು. ಆದರೂ ನಿಮ್ಮ ಮನೆಯವರ ಮಾತನ್ನು ಕೇಳಿ, ಕೊಬ್ಬು ಹಾಕುವುದನ್ನು ನಿಲ್ಲಿಸಿ. ನಾಯಿಗೆ ಒಮ್ಮೆಲೇ ಕೊಬ್ಬು ಜಾಸ್ತಿ ಬಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಬರುತ್ತದೆ. ಹಬ್ಬ, ಮದುವೆಯ ಮಾರನೇ ದಿನ ಇಂಥ ಕೇಸ್‌ಗಳು ನನ್ನ ಹತ್ತಿರ ಬರುತ್ತಲೇ ಇದ್ದವು.

ತಲೆ, ಬೆನ್ನಿನ ಹೂಕೋಸಿನಂಥವು ಚರ್ಮದ ಎಣ್ಣೆ ಗ್ರಂಥಿಗಳು ಬೆಳೆದು ಆದವು ಇರಬಹುದು. ಎಲ್ಲರೂ ನರುಲಿ ಅನ್ನುತ್ತಾರೆ. ಮರಿಗಳ ಬಾಯಲ್ಲಿ ಬರುವ ನಿಜವಾದ ನರುಲಿ ವೈರಸ್‌ನಿಂದ ಬರುವಂಥದ್ದು, ಒಂದೆರಡು ತಿಂಗಳಲ್ಲಿ ತಾನಾಗಿಯೇ ಉದುರಿ ಹೋಗುತ್ತದೆ. ಆ ಹೊತ್ತಿಗೆ ಹೋಮಿಯೋಪತಿಯ ಥೂಜಾ ಹನಿ ಕೊಡುತ್ತಿದ್ದರೆ ಹೆಸರು ಥೂಜಾಗೆ ಹೋಗುತ್ತದೆ. ಮುದಿ ನಾಯಿಯ ಎಣ್ಣೆ ಗ್ರಂಥಿಯ ಗುಳ್ಳೆ ಹಾಗೆ ಉದುರುವುದಿಲ್ಲ. ಇದ್ದಲ್ಲೇ ಇರುತ್ತದೆ, ನಿಧಾನಕ್ಕೆ ಬೆಳೆಯುತ್ತದೆ, ಕೆರೆದರೆ ರಕ್ತ ಬರುತ್ತದೆ, ಅಷ್ಟೇ. ಮುಂಗಾಲಿನ ಸಂದಿಯಲ್ಲಿ ಜೋತಾಡುವುದು ಬರೀ ಚರ್ಮದ ತುಂಡು. ಉಣ್ಣೆಗೆ ಕಾಲು ಇರುತ್ತವೆ, ಇದಕ್ಕೆ ಇರುವುದಿಲ್ಲ. ಬೆಳಕಿನಲ್ಲಿ ಕೂದಲು ಸರಿಸಿ ನೋಡಿದ ಮೇಲೆಯೇ ಎಳೆಯಿರಿ.

ಇಷ್ಟೆಲ್ಲಾ ಬರೆದೆ, ಆದರೆ ಇದರಲ್ಲಿ ಯಾವುದನ್ನೂ ನೀವು ಖಚಿತ ಅಂತ ತೆಗೆದುಕೊಳ್ಳಬಾರದು. ಇಷ್ಟು ವರ್ಷ ಕೆಲಸ ಮಾಡಿದ ನನ್ನ ಬೆರಳಿಗೂ ಗೊತ್ತಾಗುವುದಿಲ್ಲ. ಕಾರಣ ಹೇಳುತ್ತೇನೆ. ಮಾಸ್ಟ್ ಸೆಲ್ ಗಡ್ಡೆ ಅಂತ ಒಂದಿದೆ. ನಾಯಿಯ ಚರ್ಮದ ಕೆಟ್ಟ ಗಡ್ಡೆಗಳಲ್ಲಿ ಅದೇ ಜಾಸ್ತಿ. ಅದಕ್ಕೆ ತನ್ನದೇ ಆದ ರೂಪ ಇಲ್ಲ. ಒಂದು ಸಲ ಸೊಳ್ಳೆ ಕಚ್ಚಿದ ಹಾಗೆ, ಒಂದು ಸಲ ನರುಲಿ ಹಾಗೆ, ಇನ್ನೊಂದು ಸಲ ಥೇಟ್ ಕೊಬ್ಬಿನ ಗಂಟಿನ ಹಾಗೆ ಮೆತ್ತಗೆ ಇರುತ್ತದೆ. ಇವತ್ತು ದೊಡ್ಡದು, ನಾಳೆ ಚಿಕ್ಕದು ಆಗಬಹುದು. ಒತ್ತಿ ಹಿಸುಕಿದರೆ ಕೆಂಪಗೆ ಊದಬಹುದು, ಯಾಕೆಂದರೆ ಅದರೊಳಗೆ ಊತ ತರಿಸುವ ಹಿಸ್ಟಮಿನ್ ತುಂಬಿರುತ್ತದೆ. ಅದಕ್ಕೇ ಗೊತ್ತಿಲ್ಲದ ಗಂಟನ್ನು ಹಿಸುಕಬೇಡಿ, ದಾರ ಕಟ್ಟಬೇಡಿ, ಸುಣ್ಣ, ಮೈಲುತುತ್ತು ಹಚ್ಚಬೇಡಿ. ಮೈಲುತುತ್ತು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೆ ವಿಷ.

ಪರೀಕ್ಷೆ ದೊಡ್ಡದೇನಲ್ಲ. ಇಂಜೆಕ್ಷನ್ ಕೊಡುವ ಸಣ್ಣ ಸೂಜಿಯನ್ನೇ ಗಂಟಿಗೆ ಚುಚ್ಚಿ ಒಳಗಿನ ಜೀವಕೋಶಗಳನ್ನು ತೆಗೆದು, ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಎಫ್‌ಎನ್‌ಎಸಿ ಅನ್ನುತ್ತಾರೆ. ಅರಿವಳಿಕೆ ಬೇಡ, ಒಂದು ಗಂಟಿಗೆ ಒಂದೆರಡು ನಿಮಿಷ ಸಾಕು, ಲಸಿಕೆ ಹಾಕಿಸಿಕೊಂಡಷ್ಟೇ ನೋವು. ಕೊಬ್ಬಿನ ಗಂಟಾದರೆ ಸ್ಲೈಡಿನ ಮೇಲೆ ಎಣ್ಣೆ ಹನಿ ಬಿದ್ದ ಹಾಗೆ ಜಿಡ್ಡು ಕೂರುತ್ತದೆ, ಎಷ್ಟು ಹೊತ್ತಾದರೂ ಒಣಗುವುದಿಲ್ಲ. ಮಾಸ್ಟ್ ಸೆಲ್ ಆದರೆ ಕೋಶದ ತುಂಬ ನೇರಳೆ ಬಣ್ಣದ ಕಾಳು ಕಾಳು ಕಾಣುತ್ತದೆ. ಕೆಲವು ಗಂಟುಗಳಲ್ಲಿ ಸೂಜಿಗೆ ಏನೂ ಸಿಗುವುದಿಲ್ಲ, ಆಗ ಒಂದು ಚೂರು ಕತ್ತರಿಸಿ ಬಯಾಪ್ಸಿಗೆ ಕಳಿಸಬೇಕಾಗುತ್ತದೆ. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಸ್ಲೈಡ್ ನೋಡುವ ವ್ಯವಸ್ಥೆ ಇದೆಯಾ ಅಂತ ಮೊದಲು ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ಮೈಸೂರಿನ ಕ್ಲಿನಿಕ್‌ಗಳಿವೆ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಸೋಮವಾರಪೇಟೆ ಕಡೆಯವರಿಗೆ ಹಾಸನ ಹತ್ತಿರ, ನಿಮಗೆ ಮೈಸೂರು ಅನುಕೂಲ.

ಯಾವ ಗಂಟಿಗೆ ಸೂಜಿ ಹಾಕಿಸಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಒಂದು ಸೆಂಟಿಮೀಟರ್ ಇದ್ದು, ಒಂದು ತಿಂಗಳಾದರೂ ಹೋಗಿಲ್ಲ ಅಂದರೆ ಹಾಕಿಸಿ. ಒಂದು ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಕಾಫಿ ಬೀಜದ ಉದ್ದ. ಬೇಗ ಬೆಳೆಯುವುದು, ಗಟ್ಟಿಯಾಗಿ ಕೆಳಗಿನ ಮಾಂಸಕ್ಕೆ ಅಂಟಿಕೊಂಡಿರುವುದು, ಹುಣ್ಣಾಗಿರುವುದು, ಬೆರಳಿನಲ್ಲಿ ಅಥವಾ ಬಾಯಲ್ಲಿ ಬಂದಿರುವುದು, ಇವಕ್ಕೆ ಈ ಲೆಕ್ಕವೂ ಬೇಡ, ಕೂಡಲೇ ತೋರಿಸಿ.

ಕೊನೆಯದಾಗಿ, ನೀವು ಅಷ್ಟೇನೂ ಇಲ್ಲ ಅಂದಿರಲ್ಲ, ಆ ರೆಪ್ಪೆಯ ಗುಳ್ಳೆ. ನನಗೆ ಇಡೀ ಪಟ್ಟಿಯಲ್ಲಿ ಚಿಂತೆ ಇರುವುದು ಅದರ ಬಗ್ಗೆ. ನಾಯಿಯ ರೆಪ್ಪೆಯ ಗುಳ್ಳೆಗಳು ಸಾಮಾನ್ಯವಾಗಿ ಕೆಟ್ಟವಲ್ಲ. ಆದರೆ ಕಣ್ಣು ಮುಚ್ಚಿ ತೆರೆದಾಗೆಲ್ಲಾ ಅದು ಕಣ್ಣಿನ ಮೇಲ್ಪದರವನ್ನು ಉಜ್ಜುತ್ತಿರುತ್ತದೆ, ಮರಳಿನ ಕಣ ಸಿಕ್ಕಿಕೊಂಡ ಹಾಗೆ, ದಿನವಿಡೀ. ಆ ನೀರು ವಯಸ್ಸಿಗೆ ಸುರಿಯುತ್ತಿಲ್ಲ ಅಂತ ನನ್ನ ಅನುಮಾನ. ಈ ವಾರವೇ ತೋರಿಸಿ. ಮನೆಯಲ್ಲಿ ಉಳಿದಿರುವ ಮನುಷ್ಯರ ಕಣ್ಣಿನ ಹನಿ ಹಾಕಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದು, ಕಣ್ಣಲ್ಲಿ ಗಾಯವೂ ಇದ್ದರೆ, ಗಾಯ ಇನ್ನೂ ಆಳಕ್ಕೆ ಹೋಗುತ್ತದೆ.

---

ಮಂಜಿನೂರು, ಮಡಿಕೇರಿ · ಮೇ 10

ಡಾಕ್ಟ್ರು ಹೇಳಿದ ಮಾಸ್ಟ್ ಸೆಲ್ ನಮ್ಮ ಮನೆಯಲ್ಲೇ ಆಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಲ್ಯಾಬ್‌ಗೆ ಆಗ 8 ವರ್ಷ, ಎದೆಯ ಪಕ್ಕ ಮೆತ್ತನೆಯ ಗಂಟು. ಮುಟ್ಟಿ ನೋಡಿದವರೆಲ್ಲಾ ಕೊಬ್ಬು, ಏನೂ ಆಗಲ್ಲ ಅಂದರು. ನಾವೂ ನಂಬಿದೆವು. ಹತ್ತು ತಿಂಗಳಾದ ಮೇಲೆ ಲಸಿಕೆಗೆ ಹೋದಾಗ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು, ಹೇಗೂ ಬಂದಿದ್ದೀರಿ, ಒಂದು ಸೂಜಿ ಹಾಕಿಬಿಡೋಣ ಅಂದರು. ಆ ಸೂಜಿಯಿಂದಲೇ ಗೊತ್ತಾಯಿತು. ಸುತ್ತ ಅಗಲವಾಗಿ ತೆಗೆದರು. ನಮ್ಮ ಪುಣ್ಯ, ಕಡಿಮೆ ದರ್ಜೆಯದು ಅಂತ ರಿಪೋರ್ಟ್ ಬಂತು. ಆಮೇಲೆ ಮೂರು ವರ್ಷ ಚೆನ್ನಾಗಿ ಬದುಕಿದಳು.

ಕೈಯಲ್ಲಿ ಮುಟ್ಟಿ ಕೊಬ್ಬು ಅನ್ನುವವರ ಮಾತು ಕೇಳಬೇಡಿ. ನಾನು ಈಗ ಮನೆಗೆ ಬಂದವರಿಗೆಲ್ಲಾ ಇದನ್ನೇ ಹೇಳುತ್ತೇನೆ.

---

ಕಿತ್ತಳೆಬೈಲು, ಸಿದ್ದಾಪುರ · ಮೇ 10

ಡಾಕ್ಟ್ರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಸೂಜಿ ಪರೀಕ್ಷೆ ಅಂತ ಇದೆ ಎಂದು ನಮಗೆ ಯಾರೂ ಹೇಳಲಿಲ್ಲ. ಒಂದು ಕೇಳುತ್ತೇನೆ, 11 ವರ್ಷದ ನಾಯಿಗೆ ಅರಿವಳಿಕೆ ಕೊಡಬೇಕಾಗಿಯೇ ಬಂದರೆ ಏನೇನು ನೋಡಬೇಕು? ನನಗೆ ಇನ್ನೊಬ್ಬ ಇದ್ದಾನೆ, 9 ವರ್ಷ. ಮತ್ತೆ ಹಾಗಾಗಬಾರದು.

---

ಹಳೇವೆಟ್, ಸೋಮವಾರಪೇಟೆ · ಮೇ 11

ಒಳ್ಳೆಯ ಪ್ರಶ್ನೆ. ವಯಸ್ಸೇ ಒಂದು ಕಾಯಿಲೆ ಅಲ್ಲ. 12 ವರ್ಷದ ಗಟ್ಟಿಮುಟ್ಟಾದ ನಾಯಿಗಿಂತ 6 ವರ್ಷದ ಕಿಡ್ನಿ ಕೆಟ್ಟ ನಾಯಿಗೆ ಅಪಾಯ ಜಾಸ್ತಿ. ಕಿಡ್ನಿ, ಲಿವರ್, ರಕ್ತದ ಎಣಿಕೆ ನೋಡಿಸಬೇಕು. ಹೃದಯ ಕೇಳಿಸಬೇಕು, ಅನುಮಾನ ಇದ್ದರೆ ಎಕ್ಸ್‌ರೇ, ಇಸಿಜಿ. ನಮ್ಮ ಕೊಡಗಿನಲ್ಲಿ ಇದರ ಜೊತೆಗೆ ಇನ್ನೊಂದನ್ನು ಮರೆಯಬಾರದು, ಅದೇ ಉಣ್ಣೆ ಜ್ವರ. ತೋಟದ ನಾಯಿಗೆ ಉಣ್ಣೆ ತಪ್ಪಿದ್ದಲ್ಲ. ಆ ಜ್ವರ ಒಳಗೊಳಗೇ ಇದ್ದರೆ ಪ್ಲೇಟ್‌ಲೆಟ್ ಕಡಿಮೆಯಾಗಿರುತ್ತದೆ, ನಾಯಿ ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ, ಕೊಯ್ದ ಮೇಲೆ ರಕ್ತ ನಿಲ್ಲುವುದಿಲ್ಲ. ಪ್ಲೇಟ್‌ಲೆಟ್ ಎಷ್ಟಿದೆ ಅಂತ ಕೇಳದೆ ನಾಯಿಯನ್ನು ಟೇಬಲ್ ಮೇಲೆ ಮಲಗಿಸಬೇಡಿ.

ಕೆಲವು ಸಣ್ಣ ನರುಲಿಗಳಿಗೆ ಪೂರ್ತಿ ಅರಿವಳಿಕೆಯೇ ಬೇಡ, ಆ ಜಾಗ ಮಾತ್ರ ಮರಗಟ್ಟಿಸಿ ತೆಗೆಯಬಹುದು. ಆದರೆ ನಾಯಿ ಅಲ್ಲಾಡದೆ ಇರುವ ಸ್ವಭಾವದ್ದಾಗಿರಬೇಕು. ಪೂರ್ತಿ ಅರಿವಳಿಕೆ ಕೊಡುವುದೇ ಆದರೆ ಬಾಕಿ ಕೆಲಸವನ್ನೂ ಅದೇ ಸಲ ಮುಗಿಸಿಕೊಳ್ಳಿ, ಹಲ್ಲು ಶುಚಿ ಮಾಡಿಸುವುದು ಇತ್ಯಾದಿ. ತೆಗೆದದ್ದನ್ನು ಬಿಸಾಡಲು ಬಿಡಬೇಡಿ. ಫಾರ್ಮಲಿನ್‌ನಲ್ಲಿ ಹಾಕಿ ಲ್ಯಾಬ್‌ಗೆ ಕಳಿಸಬೇಕು, ಪೂರ್ತಿ ಬಂದಿದೆಯಾ ಅಂತ ಅಂಚು ನೋಡಿ ಅವರೇ ಹೇಳುತ್ತಾರೆ.

ಕೊಬ್ಬಿನ ಗಂಟನ್ನು ತೆಗೆಯಲೇಬೇಕಾದ ಸಂದರ್ಭ ಒಂದೆರಡಿದೆ. ಕಂಕುಳಲ್ಲಿ ಬೆಳೆದು ನಡೆಯಲು ಅಡ್ಡಿಯಾದರೆ, ಅಥವಾ ಮಾಂಸಖಂಡದ ಮಧ್ಯೆ ಹರಡಿಕೊಂಡರೆ. ಪಕ್ಕೆಲುಬಿನ ಮೇಲೆ ಸುಮ್ಮನೆ ಕೂತಿದ್ದರೆ ಅದರ ಪಾಡಿಗೆ ಇರಲಿ.

---

ಮೂರುನಾಯಿಮನೆ, ಗೋಣಿಕೊಪ್ಪ · ಮೇ 11

ಸರ್, ಇದೇ ಚರ್ಚೆಯಲ್ಲಿ ನಂದೂ ಒಂದು ಪ್ರಶ್ನೆ. ನಮ್ಮ ಲೈನ್‌ಮನೆ ಹತ್ತಿರ ಒಂದು ಹೆಣ್ಣು ನಾಯಿ ಇದೆ, ಎಂಟು ಒಂಬತ್ತು ವರ್ಷ ಇರಬಹುದು, ಆಪರೇಷನ್ ಆಗಿಲ್ಲ, ಮರಿ ಹಾಕುತ್ತಲೇ ಇದೆ. ಹಿಂದಿನ ಮೊಲೆಯ ಹತ್ತಿರ ಕಡಲೆಕಾಳಿನಷ್ಟು ಗಟ್ಟಿ ಗಂಟು. ಇದನ್ನೂ ಒಂದು ತಿಂಗಳು ನೋಡಬಹುದಾ?

---

ಹಳೇವೆಟ್, ಸೋಮವಾರಪೇಟೆ · ಮೇ 11

ಬೇಡಮ್ಮ, ಅದಕ್ಕೆ ಕಾಯಬೇಡಿ. ಅದು ಚರ್ಮದ ಗಂಟು ಅಲ್ಲ, ಮೊಲೆಯ ಗಂಟು. ಗರ್ಭಕೋಶ ತೆಗೆಸದ ಹೆಣ್ಣು ನಾಯಿಗಳಲ್ಲಿ ಇಂಥವು ಹೆಚ್ಚುಕಡಿಮೆ ಅರ್ಧಕ್ಕರ್ಧ ಕ್ಯಾನ್ಸರ್ ಆಗಿರುತ್ತವೆ. ಕಡಲೆಕಾಳಿನಷ್ಟಿರುವಾಗ ತೆಗೆದರೆ ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ. ಹಾಗೆಯೇ ಬಿಡಾಡಿ ನಾಯಿಗಳಲ್ಲಿ ಮೂತ್ರದ ಜಾಗದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ ಅದು ಬೆದೆಯಿಂದ ಅಂತ ಬಿಡಬೇಡಿ. ಕೂಡಿದಾಗ ಒಂದರಿಂದ ಇನ್ನೊಂದಕ್ಕೆ ಅಂಟುವ ಗಡ್ಡೆ ಇರಬಹುದು. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಬಹಳಷ್ಟು ನಾಯಿಗಳು ವಾಸಿಯಾಗುತ್ತವೆ.

ಗಂಡು ನಾಯಿ ಇರುವವರಿಗೂ ಒಂದು ಮಾತು. ಬೀಜ ತೆಗೆಸದ ಮುದಿ ಗಂಡು ನಾಯಿಗೆ ಗುದದ ಸುತ್ತ ಗುಳ್ಳೆ ಬರುತ್ತದೆ. ಹೆಚ್ಚಿನವು ಕೆಟ್ಟವಲ್ಲ, ಬೀಜ ತೆಗೆಸಿದರೆ ತಾವೇ ಕುಗ್ಗುತ್ತವೆ. ಆದರೆ ಮಳೆಗಾಲದಲ್ಲಿ ಅವು ಒಡೆದರೆ ನೊಣ ಕೂರುವುದು ಮೊದಲು ಅಲ್ಲೇ.

---

ನಾಪೋಕ್ಲು_ತೋಟ · ಜೂನ್ 4

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೊನ್ನೆಯಿಂದ ಮಳೆ ಹಿಡಿದಿದೆ, ಕರೆಂಟ್ ಇಲ್ಲ, ಈಗ ಜೀಪಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಬರೆಯುತ್ತಿದ್ದೇನೆ.

ಹಳೇವೆಟ್ ಸರ್ ಬರೆದ ಎರಡೇ ದಿನಕ್ಕೆ ಕರಿಯನನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಮೊದಲು ಕಣ್ಣಿಗೆ ಬಣ್ಣದ ಒಂದು ಹನಿ ಹಾಕಿ, ನೀಲಿ ಬೆಳಕು ಬಿಟ್ಟು ನೋಡಿದರು. ಕಣ್ಣ ಮೇಲೆ ಹಸಿರಾಗಿ ಒಂದು ಗೆರೆ ಹೊಳೆಯಿತು. ಗಾಯ ಇರುವ ಕಡೆ ಹಾಗೆ ಹೊಳೆಯುತ್ತದಂತೆ, ಅದೂ ಸರಿಯಾಗಿ ಆ ಗುಳ್ಳೆ ಉಜ್ಜುವ ಜಾಗದಲ್ಲಿ. ಡಾಕ್ಟ್ರು ನನಗೂ ತೋರಿಸಿದರು. ಎಷ್ಟು ತಿಂಗಳಿಂದ ಹೀಗಿದೆ ಅಂತ ಕೇಳಿದಾಗ ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ. ಚಳಿಗಾಲದಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೇ ನೀರು ಸುರಿಯುತ್ತಿತ್ತು. ಆರು ತಿಂಗಳು ಅವನು ಆ ಉರಿಯನ್ನು ಇಟ್ಟುಕೊಂಡೇ ದಿನಾ ಬೆಳಿಗ್ಗೆ ನನ್ನ ಹಿಂದೆ ತೋಟ ಸುತ್ತುತ್ತಿದ್ದ. ನೋವು ಇರುವ ಹಾಗೆ ಕಾಣುವುದಿಲ್ಲ ಅಂತ ಇಲ್ಲೇ ಬರೆದಿದ್ದೆ ನಾನು.

ದೊಡ್ಡ ಗಂಟಿಗೆ, ಕತ್ತಿನದಕ್ಕೆ, ಬೆನ್ನಿನ ಎರಡಕ್ಕೆ ಸೂಜಿ ಹಾಕಿದರು. ಕರಿಯ ಒಂದು ಸಲವೂ ಗುರ್ ಅನ್ನಲಿಲ್ಲ. ಪಕ್ಕೆಲುಬಿನದು ಕೊಬ್ಬೇ. ಸ್ಲೈಡ್ ಮೇಲೆ ಜಿಡ್ಡು ಒಣಗದೆ ಹಾಗೇ ಇತ್ತು, ಸರ್ ಹೇಳಿದ ಹಾಗೆಯೇ. ಮಿಕ್ಕವು ಎಣ್ಣೆ ಗ್ರಂಥಿಯವು. ರಕ್ತದಲ್ಲಿ ಕಿಡ್ನಿ, ಲಿವರ್ ಚೆನ್ನಾಗಿತ್ತು, ಆದರೆ ಪ್ಲೇಟ್‌ಲೆಟ್ ಕಡಿಮೆ. ಉಣ್ಣೆ ಜ್ವರ ಇತ್ತು, ನಮಗೆ ಗೊತ್ತೇ ಇರಲಿಲ್ಲ. ಹಾಗಾಗಿ ಅವತ್ತು ಆಪರೇಷನ್ ಮಾಡಲಿಲ್ಲ. ಕಣ್ಣಿಗೆ ಹನಿ, ಜ್ವರಕ್ಕೆ ಮಾತ್ರೆ ಕೊಟ್ಟು ಕಳಿಸಿದರು. ಎರಡು ವಾರ ಕಳೆದು ಮತ್ತೆ ರಕ್ತ ನೋಡಿ, ಸರಿ ಇದೆ ಅಂದ ಮೇಲೆ ಮೇ 28ಕ್ಕೆ ರೆಪ್ಪೆಯ ಗುಳ್ಳೆ ತೆಗೆದರು. ರೆಪ್ಪೆಯ ಕಾಲು ಭಾಗಕ್ಕಿಂತ ಚಿಕ್ಕದಿದ್ದದ್ದರಿಂದ ಹೊಲಿಗೆ ಸುಲಭವಾಯಿತು, ಇನ್ನೂ ಬೆಳೆದಿದ್ದರೆ ಕಷ್ಟವಾಗುತ್ತಿತ್ತು ಅಂದರು. ಬೆಲ್ಟ್ ಉಜ್ಜುವ ಕತ್ತಿನ ನರುಲಿಯನ್ನೂ ಅದೇ ಅರಿವಳಿಕೆಯಲ್ಲಿ ತೆಗೆದರು. ಎರಡೂ ಲ್ಯಾಬ್‌ಗೆ ಹೋಗಿ, ಕೆಟ್ಟದ್ದಲ್ಲ ಅಂತ ನಿನ್ನೆ ರಿಪೋರ್ಟ್ ಬಂತು. ಮಿಕ್ಕಿದ್ದು ಯಾವುದನ್ನೂ ಮುಟ್ಟಲಿಲ್ಲ. ಮಗನಿಗೂ ಅಮ್ಮನಿಗೂ ಇಬ್ಬರಿಗೂ ಸಮಾಧಾನ.

ಅರಿವಳಿಕೆ ಇಳಿದು ಎದ್ದಾಗ ಹೊರಗೆ ನಾನೇ ಕೂತಿದ್ದೆ. ಪ್ಲಾಸ್ಟಿಕ್ ಕೋನ್ ಹಾಕಿಕೊಂಡು ತೂರಾಡುತ್ತಾ ಬಂದು ನನ್ನ ಮಂಡಿಗೆ ತಲೆ ಇಟ್ಟ.

ಈಗ ಸಮಸ್ಯೆ ಮಳೆ. ಹೊಲಿಗೆ ಇನ್ನೂ ಬಿಚ್ಚಿಲ್ಲ. ಒಳಗೇ ಇಟ್ಟುಕೊಂಡಿದ್ದೇವೆ. ಹೊರಗೆ ಹೋಗಿ ಬಂದಾಗ ಹೇಗೆ ನೋಡಿಕೊಳ್ಳಬೇಕು ಅಂತ ಗೋಣಿಕೊಪ್ಪದ ಅಕ್ಕ ಹೇಳಿದರೆ ಒಳ್ಳೆಯದು, ನಿಮಗೆ ಅನುಭವ ಇದೆ.

---

ಮೂರುನಾಯಿಮನೆ, ಗೋಣಿಕೊಪ್ಪ · ಜೂನ್ 4

ಅಯ್ಯೋ ಪಾಪ, ಓದಿ ಕಣ್ಣು ತುಂಬಿ ಬಂತು. ಒಳ್ಳೆಯದಾಯಿತು ಅಣ್ಣ.

ಕೋನ್ ತೆಗೆಯಬೇಡಿ, ಎಷ್ಟು ಗೋಳಾಡಿದರೂ ಸರಿ. ಊಟಕ್ಕೆ ತೆಗೆದರೆ ಪಕ್ಕದಲ್ಲೇ ಕೂತು, ಮುಗಿದ ತಕ್ಷಣ ಹಾಕಿ. ಹೊರಗೆ ಹಗ್ಗ ಹಾಕಿಯೇ ಕರೆದುಕೊಂಡು ಹೋಗಿ, ತೋಟಕ್ಕೆ ಬಿಡಬೇಡಿ, ಜಿಗಣೆ ಹತ್ತುತ್ತದೆ. ಬಂದ ಕೂಡಲೇ ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ, ಹೊಲಿಗೆಯನ್ನು ಉಜ್ಜಬೇಡಿ. ಒಲೆಯ ಹತ್ತಿರ ಬೆಚ್ಚಗಿನ ಜಾಗದಲ್ಲಿ ಮಲಗಿಸಿ, ಆದರೆ ಹೊಗೆ ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಕತ್ತಿನ ಗಾಯವನ್ನು ಬೆಳಿಗ್ಗೆ ಸಂಜೆ ಎರಡು ಹೊತ್ತೂ ಟಾರ್ಚ್ ಹಾಕಿ ನೋಡಿ, ಸುತ್ತ ಕೂದಲು ಕತ್ತರಿಸಿಡಿ. ಮೂಗಿನಿಂದಲೂ ನೋಡಬೇಕು, ವಾಸನೆ ಮೊದಲು ಹೇಳುತ್ತದೆ. ಹುಳ ಕಂಡರೆ ಫಿನಾಯಿಲ್, ಸೀಮೆಎಣ್ಣೆ ಹಾಕುವವರಿದ್ದಾರೆ, ಹಾಕಬೇಡಿ, ಮಾಂಸ ಸುಟ್ಟು ಹೋಗುತ್ತದೆ. ಡಾಕ್ಟ್ರನ್ನು ಕೇಳಿ ಹುಳದ ಸ್ಪ್ರೇ ಒಂದನ್ನು ಈಗಲೇ ತಂದಿಡಿ, ಅಂಗಡಿಯಲ್ಲಿ ಟಾಪಿಕ್ಯೂರ್ ಅಂತ ಸಿಗುತ್ತದೆ. ಕಣ್ಣಿನ ಹತ್ತಿರ ಮಾತ್ರ ಯಾವ ಸ್ಪ್ರೇಯೂ ಬೇಡ. ನೋವು ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್, ಬ್ರೂಫೆನ್ ಕೊಡಲೇಬೇಡಿ, ನಾಯಿಗೆ ಅದು ಆಗುವುದಿಲ್ಲ.

ನಮ್ಮ ಲೈನ್‌ಮನೆ ನಾಯಿಯ ಮೊಲೆ ಗಂಟನ್ನೂ ಗರ್ಭಕೋಶವನ್ನೂ ಹೋದ ವಾರ ಒಟ್ಟಿಗೇ ತೆಗೆಸಿದೆವು. ರಿಪೋರ್ಟ್‌ಗೆ ಕಾಯುತ್ತಿದ್ದೇವೆ.

---

ಹಳೇವೆಟ್, ಸೋಮವಾರಪೇಟೆ · ಜೂನ್ 5

ತುಂಬಾ ಸಂತೋಷ. ಅಕ್ಕ ಹೇಳಿದ್ದಕ್ಕೆ ಸೇರಿಸಲು ಏನೂ ಇಲ್ಲ. ಉಳಿದ ಗಂಟುಗಳನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಅದರ ಅಡ್ಡ ಅಳತೆ 27 ಮಿಲಿಮೀಟರ್, ಆಮೇಲೆ ಹೋಲಿಸಲು ಸುಲಭ. ಒಂದು ಸಲ ಕೊಬ್ಬು ಅಂತ ಬಂತು ಅಂದ ಮಾತ್ರಕ್ಕೆ ಮುಂದೆ ಬರುವ ಹೊಸ ಗಂಟೂ ಕೊಬ್ಬೇ ಅಂತ ಬಿಡಬೇಡಿ, ಪ್ರತಿ ಹೊಸ ಗಂಟಿಗೂ ಬೇರೆ ಸೂಜಿ. ತೂಕ ನಿಧಾನಕ್ಕೆ 30ಕ್ಕೆ ಇಳಿಸಿ. ಅದರಿಂದ ಗಂಟು ಕರಗುತ್ತದೆ ಅಂತಲ್ಲ, ಅವನ ಕೀಲುಗಳಿಗೆ ಹಗುರವಾಗುತ್ತದೆ.

---

ನಾಪೋಕ್ಲು_ತೋಟ · ಜುಲೈ 2

ಹೊಲಿಗೆ ಬಿಚ್ಚಿ ಎರಡು ವಾರಕ್ಕೂ ಜಾಸ್ತಿ ಆಯಿತು. ಕಣ್ಣಲ್ಲಿ ಈಗ ನೀರಿಲ್ಲ. ಹೋದ ತಿಂಗಳಿನವರೆಗೂ ಎಡಗಡೆಯಿಂದ ಯಾರಾದರೂ ಬಂದರೆ ತಲೆ ತಿರುಗಿಸಿಕೊಳ್ಳುತ್ತಿದ್ದ, ಈಗ ಇಲ್ಲ. ಅದೂ ಆ ಕಣ್ಣಿನಿಂದಲೇ ಅಂತ ಈಗ ಗೊತ್ತಾಗುತ್ತಿದೆ.

ಅಳತೆ ಬರೆಯಲು ಬೇರೆ ಪುಸ್ತಕ ಯಾಕೆ ಅಂತ, ನಮ್ಮ ಅಪ್ಪನ ಕಾಲದಿಂದ ಮಳೆ ಲೆಕ್ಕ ಬರೆಯುವ ಪುಸ್ತಕ ಇದೆಯಲ್ಲ, ಅದರಲ್ಲೇ ಶುರು ಮಾಡಿದೆ. ಬೆಳಿಗ್ಗೆ ಮಳೆ ಅಳೆಯಲು ಹೋಗುವಾಗ ಹೇಗೂ ಅವನು ಜೊತೆಗೆ ಬಂದು ನಿಲ್ಲುತ್ತಾನೆ. ನಿನ್ನೆಯದು ಹೀಗಿದೆ (ಸೆಂಟ್ಸ್ ಅಂದರೆ ಇಂಚಿನ ನೂರನೇ ಭಾಗ): ಜುಲೈ 1. ಮಳೆ 3 ಇಂಚು 40 ಸೆಂಟ್ಸ್. ಕರಿಯ ಪಕ್ಕೆಲುಬು 61 ಮಿ.ಮೀ., ತಲೆ 7, ಬೆನ್ನು 6 ಮತ್ತು 9. ಹೊಸದು ಇಲ್ಲ. ತೂಕ 34 ಕೆಜಿ 200.